ಎಡಗಡೆ ಸ್ಟೇರಿಂಗು, ಬಲಗಡೆ ಯಜಮಾನರು

ಆ ಜೀಪು ಮಂಗಳೂರಿನಲ್ಲಿ ಹಡಗಿನಿಂದ ಇಳಿದದ್ದನ್ನು ನಾನು ನೋಡಿದವನಲ್ಲ. ಕೊಡಗಿನ ಕಾಫಿ ತೋಟದ ದೊರೆಯೊಬ್ಬ ಅದನ್ನು ಅಮೆರಿಕದಿಂದ ತರಿಸಿಕೊಂಡನಂತೆ. ಸುಂಕ ಕಟ್ಟಿ ಬಿಡಿಸಿ, ಘಾಟಿ ಹತ್ತಿಸಿ, ತನ್ನ ತೋಟದ ಬೇಲಿಯೊಳಗೇ ಓಡಿಸಿಕೊಂಡಿದ್ದನಂತೆ. ಅವನು ತನ್ನ ದೇಶಕ್ಕೆ ವಾಪಸು ಹೊರಟು ನಿಂತಾಗ ನಮ್ಮ ಯಜಮಾನರು ಅದನ್ನು ಕೊಂಡರು. ಐವತ್ತರ ದಶಕದ ಮೊದಲ ವರ್ಷಗಳ ಮಾತು. ಕೊಡಗು ಆಗ ಬೇರೆಯೇ ರಾಜ್ಯ.

ಯಜಮಾನರು ಅಂದರೆ ನಮ್ಮೂರಿನ ಹಿರಿಯರು. ಊರು ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ, ದೊಡ್ಡ ರಸ್ತೆಯಿಂದ ಒಂದು ಮೈಲಿ ಒಳಗೆ. ಹಣೆಯಲ್ಲಿ ಮೂರು ಗೆರೆ ವಿಭೂತಿ, ತಲೆಗೆ ಅಂಚಿನ ರುಮಾಲು, ವಯಸ್ಸು ಅರವತ್ತರ ಹತ್ತಿರ. ಹೊಗೆಸೊಪ್ಪು ಬೆಳೆಯುತ್ತಿದ್ದರು, ಆದರೆ ಜನ ಅವರನ್ನು ಬಲ್ಲದ್ದು ನ್ಯಾಯ ಹೇಳುವವರೆಂದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಿ ಅಣ್ಣತಮ್ಮಂದಿರ ಪಾಲಾದರೂ, ಬದುವಿನ ಜಗಳವಾದರೂ ಇವರಿಗೆ ಹೇಳಿ ಕಳಿಸುತ್ತಿದ್ದರು. ಹಂಪಾಪುರದ ಕಡೆ ಅವರದೇ ಒಂದಷ್ಟು ಜಮೀನೂ ಇತ್ತು. ಮಳೆ ಹಿಡಿದರೆ ಆ ಕಡೆಯ ದಾರಿಯಲ್ಲಿ ಬಂಡಿ ಅಚ್ಚಿನವರೆಗೂ ಹೂತುಕೊಳ್ಳುತ್ತಿತ್ತು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿಯೊಂದಿದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು.

ನಾನು ಅದೇ ಊರಿನವನು. ಆಗ ಕೆ.ಆರ್. ನಗರದಲ್ಲಿ ಭತ್ತದ ಲಾರಿ ಓಡಿಸಿಕೊಂಡಿದ್ದೆ. ಕರೆಸಿದರು.

“ಎಡಗಡೆ ಕುಂತ್ಕಂಡು ಓಡ್ಸಕ್ಕೆ ಬತ್ತದೇನ್ಲಾ?”

“ಎಡಗಡೆ ಏನ್ ಬುದ್ಧಿ, ಟಾಪಿನ್ ಮ್ಯಾಲ್ ಕುಂತ್ಕಂಡಾದ್ರೂ ಓಡಿಸ್ತೀನಿ.”

“ಟಾಪಿನ್ ಮ್ಯಾಲ್ ನಿನ್ನ ಹೆಣ ಕೂರಿಸ್ಕಂಡು ಬರೋ ಹಂಗ್ ಮಾಡ್ಬೇಡ, ಅಷ್ಟೇಯ,” ಅಂದರು. ಅಲ್ಲಿಗೆ ನನ್ನ ನೌಕರಿ ಗೊತ್ತಾಯಿತು.

ತೋಟದಿಂದ ಜೀಪು ತಂದ ದಿನ ಗಡಿಯ ಗೇಟಿನಲ್ಲಿ ಪೊಲೀಸಿನವನೊಬ್ಬ ತಡೆದ. ಬೇಲಿಯೊಳಗೇ ಓಡಿದ ಗಾಡಿ, ಅದಕ್ಕೆ ನಂಬರೂ ಇರಲಿಲ್ಲ, ತಪಾಸಣೆಯೂ ಆಗಿರಲಿಲ್ಲ. ಮೋಟಾರನ್ನು ಹಾಗೆ ಸರ್ಕಾರಿ ರಸ್ತೆಗೆ ಬಿಡಲಾರೆ ಎಂದ. ಯಜಮಾನರು ವಾದಕ್ಕೆ ನಿಲ್ಲಲಿಲ್ಲ. ಪಕ್ಕದ ಊರಿನಿಂದ ಎರಡು ಜೊತೆ ಎತ್ತು ತರಿಸಿದರು, ಜೀಪಿನ ಮೂತಿಗೆ ಹಗ್ಗ ಬಿಗಿಸಿದರು, ನೊಗ ಹೂಡಿಸಿದರು.

“ಈಗ ಏಳಪ್ಪ, ಇದು ಮೋಟಾರೋ ಬಂಡಿಯೋ?”

ಪೊಲೀಸಿನವನು ಎತ್ತುಗಳನ್ನು ನೋಡಿದ, ಜೀಪನ್ನು ನೋಡಿದ. “ಬಂಡಿನೇ ಅನ್ನಿ,” ಎಂದ.

“ಬಂಡಿಗೆ ನಿನ್ನ ಪುಸ್ತಕದಲ್ಲಿ ಏನಾದ್ರೂ ಬರ್ದದಾ?”

“ಇಲ್ಲ.”

“ಹಂಗಾದ್ರೆ ಗೇಟ್ ಎತ್ತು.”

ಅಮೆರಿಕದ ಜೀಪು ಹೀಗೆ ಎತ್ತಿನ ಬಾಲ ನೋಡಿಕೊಂಡು ಪಿರಿಯಾಪಟ್ಟಣದ ಪೇಟೆ ಬೀದಿ ದಾಟಿ ನಮ್ಮೂರು ಸೇರಿತು. ನಾನು ಸ್ಟೇರಿಂಗು ಹಿಡಿದು ಕೂತಿದ್ದೆ. ಅಂಗಡಿಯವರೆಲ್ಲ ಹೊರಗೆ ಬಂದು, ಇಷ್ಟು ದುಡ್ಡು ಕೊಟ್ಟು ಎತ್ತಿಗೆ ಕೆಲಸ ಹಚ್ಚಿದಿರಲ್ಲ ಎಂದು ಕೇಳಿದ್ದಕ್ಕೆ ಯಜಮಾನರು ನಗುತ್ತಿದ್ದರು.

ಜೀಪಿಗೆ ಬಾಗಿಲೆಂಬುದು ಇರಲಿಲ್ಲ. ಮೇಲೆ ಒಂದು ಕ್ಯಾನ್ವಾಸು, ಮುಂದೆ ಎರಡು ಸೀಟು, ಹಿಂದೆ ಅಡ್ಡಕ್ಕೊಂದು ಮೋಟು ಸೀಟು. ಪೆಟ್ರೋಲು ಟ್ಯಾಂಕು ಡ್ರೈವರ ಸೀಟಿನ ಅಡಿಯಲ್ಲೇ. ಪೆಟ್ರೋಲು ಹುಯ್ಯಬೇಕಾದರೆ ನಾನು ಎದ್ದು ನನ್ನ ಸೀಟನ್ನೇ ಎತ್ತಿ ಹಿಡಿಯಬೇಕು. ಅದರ ಮೇಲೆ ಕೂತು ಬೀಡಿ ಸೇದುವುದನ್ನು ಬಿಟ್ಟವನು ನಾನು ಮತ್ತೆ ಸೇದಲೇ ಇಲ್ಲ. ಆ ಜೀಪಿನಿಂದ ನನಗಾದ ಒಂದು ಒಳ್ಳೆಯದು ಅದು.

ಮೋಟಾರುಗಳನ್ನು ತಪಾಸಣೆ ಮಾಡುವ ಅಧಿಕಾರಿಗೆ ನಮ್ಮ ಕಡೆ ಬ್ರೇಕ್ ಇನ್ಸ್‌ಪೆಕ್ಟರು ಅನ್ನುತ್ತಾರೆ. ಅವರು ತಿಂಗಳಿಗೊಮ್ಮೆ ಮೈಸೂರಿನಿಂದ ಹುಣಸೂರಿಗೆ ಬಂದು, ಪ್ರವಾಸಿ ಬಂಗಲೆಯಲ್ಲಿ ಒಂದು ದಿನ ಇದ್ದು, ಸುತ್ತಲಿನ ಬಸ್ಸು ಲಾರಿಗಳನ್ನು ನೋಡಿ ಚೀಟಿ ಕೊಟ್ಟು ಹೋಗುತ್ತಿದ್ದರು. ಜೀಪನ್ನು ಅಲ್ಲಿಗೂ ಎತ್ತು ಕಟ್ಟಿಯೇ ಒಯ್ದೆವು. ಇನ್ಸ್‌ಪೆಕ್ಟರು ಸಣಕಲು ಮನುಷ್ಯ. ಗೋಣಿಚೀಲ ಹಾಸಿಕೊಂಡು ತಾವೇ ಗಾಡಿಯ ಅಡಿಗೆ ನುಸುಳಿದರು, ಒಂದು ಪುಟ್ಟ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ ಕಿವಿಗೊಟ್ಟರು. ಎದ್ದು ಮೈ ಕೊಡವಿಕೊಂಡು, “ಗಾಡಿ ಗಟ್ಟಿಮುಟ್ಟಾಗಿದೆ. ಹಿಂದಕ್ಕೆ ಕೆಂಪು ದೀಪ ಹಾಕಿಸಿ, ಬಲಗಡೆ ಒಂದು ಕನ್ನಡಿ ಬೇಕು, ಹಾರ್ನು ಇನ್ನೂ ಜೋರಾಗಿ ಕೇಳಬೇಕು. ಇದೆಲ್ಲ ದೊಡ್ಡದಲ್ಲ. ದೊಡ್ಡದು ಅಂದರೆ ಸ್ಟೇರಿಂಗು,” ಎಂದರು.

ಸ್ಟೇರಿಂಗಿನ ತೊಡಕು ಇಷ್ಟೇ. ನಾವು ರಸ್ತೆಯ ಎಡಕ್ಕೆ ಗಾಡಿ ಓಡಿಸುವವರು. ಡ್ರೈವರು ಬಲಗಡೆ ಕೂತಿದ್ದರೆ ಮುಂದಿನ ಬಂಡಿಯ ಪಕ್ಕದಿಂದ ಇಣುಕಿ, ಎದುರಿಗೆ ಏನು ಬರುತ್ತಿದೆ ಎಂದು ನೋಡಿ ದಾಟಬಹುದು. ತಿರುಗುವಾಗ, ನಿಲ್ಲಿಸುವಾಗ ಬಲಗೈ ಆಚೆ ಹಾಕಿ ಹಿಂದಿನವರಿಗೆ ತಿಳಿಸಬಹುದು. ಎಡಗಡೆ ಕೂತವನಿಗೆ ಎದುರಿಗೆ ಬಂಡಿಯ ಹುಲ್ಲಷ್ಟೇ ಕಾಣುತ್ತದೆ. ಅವನ ಕೈ ಚರಂಡಿಗೆ ಕಾಣುತ್ತದೆಯೇ ಹೊರತು ರಸ್ತೆಗಲ್ಲ.

“ಇದಕ್ಕೆ ಎರಡೇ ದಾರಿ,” ಎಂದರು ಇನ್ಸ್‌ಪೆಕ್ಟರು. “ಬೆಂಗಳೂರಿನಿಂದ ತಗಡಿನ ಕೈ ತರಿಸಿ ಬಲಗಡೆ ಕೂರಿಸಿ, ಸರಳು ಎಳೆದರೆ ಅದು ಎದ್ದು ನಿಲ್ಲುತ್ತದೆ. ಅದಾದರೂ ಕೈ ಮಾತ್ರ, ಅದಕ್ಕೆ ಕಣ್ಣಿಲ್ಲ. ಇಲ್ಲವಾದರೆ ಗಾಡಿ ಓಡುವಾಗಲೆಲ್ಲ ಬಲಗಡೆ ಸೀಟಿನಲ್ಲಿ ತಿಳಿದವರೊಬ್ಬರು ಕೂತು, ರಸ್ತೆ ನೋಡಿ ಹೇಳಬೇಕು, ಕೈ ತೋರಿಸಬೇಕು.”

“ತಗಡಿನ ಕೈ ಯಾಕೆ ಸ್ವಾಮಿ? ನಂದೇ ಎರಡವೆ,” ಎಂದರು ಯಜಮಾನರು. “ಆ ಸೀಟಲ್ಲಿ ಎಂಗಿದ್ರೂ ನಾನೇ ಕೂರೋನು.”

ಇನ್ಸ್‌ಪೆಕ್ಟರು ಅದನ್ನೇ ಬರೆದುಕೊಂಡರು. ಒಂದು ತಿಂಗಳ ಮಟ್ಟಿಗೆ ಚೀಟಿ ಕೊಟ್ಟರು. ಮುಂದಿನ ತಿಂಗಳು ಇಬ್ಬರೂ ಬಂದು ರಸ್ತೆಯ ಮೇಲೆ ಓಡಿಸಿ ತೋರಿಸಬೇಕು, ಸರಿಕಂಡರೆ ಪೂರಾ ಕಾಗದ, ಇಲ್ಲದಿದ್ದರೆ ಜೀಪು ಕೊಟ್ಟಿಗೆಗೆ.

ಮರುದಿನದಿಂದ ಊರಾಚೆಯ ಕಣದಲ್ಲಿ ಅಭ್ಯಾಸ ಶುರುವಾಯಿತು. ಕೈ ನೀಟಾಗಿ ಆಚೆ ಹಾಕಿದರೆ ಬಲಕ್ಕೆ ತಿರುಗುತ್ತೇವೆ ಎಂದು. ಮೊಣಕೈ ಮಡಿಸಿ ಅಂಗೈ ಎತ್ತಿದರೆ ನಿಲ್ಲುತ್ತೇವೆ ಎಂದು. ಮೇಲೆ ಕೆಳಗೆ ಆಡಿಸಿದರೆ ನಿಧಾನ ಎಂದು. ಯಜಮಾನರು ಒಂದೇ ಹೊತ್ತಿನಲ್ಲಿ ಕಲಿತರು. ಕಷ್ಟವಾದದ್ದು ನನಗೆ. ಅವರ ಮುಂದೆ ನಿಂತು ಮಾತಾಡುವಾಗ ಹೆಗಲ ಮೇಲಿನ ಟವಲು ಕಂಕುಳಿಗೆ ತರುತ್ತಿದ್ದವನು ನಾನು. ಈಗ ಪಕ್ಕದಲ್ಲಿ ಸರಿಸಮ ಕೂತು, ಕೈ ತೋರಿಸಿ, ಕೈ ಇಳಿಸಿ ಎಂದು ಅಪ್ಪಣೆ ಮಾಡಬೇಕು.

“ಯಾಕ್ಲಾ ಪಿಸುಪಿಸು ಅಂತೀಯ? ಹೆಣ್ ನೋಡಕ್ ಬಂದಿದ್ದೀಯಾ? ಜೋರಾಗ್ ಏಳು, ಎಂಜಿನ್ ಸದ್ದಲ್ಲಿ ಕೇಳಾಕಿಲ್ಲ.”

ದೊಡ್ಡ ರಸ್ತೆಗೆ ಹೋದಾಗ ಬೇರೆಯೇ ಫಜೀತಿ. ಯಜಮಾನರು ನಿಲ್ಲುವ ಸನ್ನೆಗೆ ಅಂಗೈ ಎತ್ತಿದರೆ ಜನ ಅದನ್ನು ಆಶೀರ್ವಾದ ಎಂದುಕೊಂಡು ಕೈಮುಗಿದು ರಸ್ತೆಯಲ್ಲೇ ನಿಲ್ಲುತ್ತಿದ್ದರು. ಕೈ ಆಚೆ ಹಾಕಿದರೆ, ತನ್ನನ್ನೇ ಕರೆದರೆಂದು ಹೊಲದ ನಡುವಿನಿಂದ ಓಡಿಬರುವವರು. ಮುದುಕಿಯೊಬ್ಬಳು ಓಡುವ ಜೀಪಿನ ಹಿಂದೆಯೇ ನಾಲ್ಕು ಮಾರು ಬಂದು, ಹಸು ಗಬ್ಬ ನಿಂತಿಲ್ಲ, ಒಂದು ಮಾತು ಹೇಳಿ ಬುದ್ಧಿ ಎಂದು ಕೇಳಿದ್ದುಂಟು.

ಮುಂದೆ ಬಂಡಿ ಸಿಕ್ಕಿದಾಗ ಯಜಮಾನರು ಬಲಕ್ಕೆ ವಾಲಿ, ರುಮಾಲು ಹಿಡಿದುಕೊಂಡು ಒಂದು ಗಳಿಗೆ ಸುಮ್ಮನಿರುತ್ತಿದ್ದರು. ಆಮೇಲೆ, “ಖಾಲಿ ಕಣ್ಲಾ, ನಡಿ,” ಅನ್ನುತ್ತಿದ್ದರು, ಇಲ್ಲವೇ “ತಡಿ, ಬಸ್ ಬತ್ತಾ ಅದೆ” ಅನ್ನುತ್ತಿದ್ದರು. ಅವರ ಮಾತು ಒಂದು ಸಲವೂ ತಪ್ಪಾಗಿರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡು ನಂಬಿ ದಾಟಿಸುತ್ತಿದ್ದೆ.

ಎರಡನೆಯ ವಾರ, ಪಿರಿಯಾಪಟ್ಟಣದ ಕಡೆಗೆ ಹೋಗುವಾಗ, ಹುಲ್ಲಿನ ಬಂಡಿಯ ಹಿಂದೆ “ಖಾಲಿ, ನಡಿ” ಅಂದರು. ನಾನು ಬಲಕ್ಕೆ ಎಳೆದೆ. ಎದುರಿಗೆ ಸೈಕಲ್ಲಿನವನೊಬ್ಬ, ಹಿಂದೆ ಬಾಳೆಲೆಯ ಹೊರೆ ಕಟ್ಟಿಕೊಂಡವನು, ನಮ್ಮ ಮೂತಿಗೇ ಬಂದಿದ್ದ. ಅವನು ಹ್ಯಾಂಡಲ್ಲು ತಿರುಗಿಸಿ ಹಳ್ಳಕ್ಕೆ ಹಾರಿದ. ಎಲೆಯೆಲ್ಲ ಚೆಲ್ಲಾಪಿಲ್ಲಿ. ನಾನು ಬ್ರೇಕು ತುಳಿದು ಇಳಿದು ಓಡಿದೆ. ಅವನು ಮಂಡಿಯ ಮಣ್ಣು ಒರೆಸಿಕೊಂಡು ಎದ್ದು, ಜೀಪಿನಲ್ಲಿ ಕೂತವರು ಯಾರೆಂದು ನೋಡಿ, ಕೈಮುಗಿದ.

“ತಪ್ಪಾಯ್ತು ಬುದ್ಧಿ. ನಾನೇ ಅಡ್ಡ ಬಂದ್ಬುಟ್ಟೆ.”

“ಏಟಾಯ್ತೇನಪ್ಪ?” ಎಂದರು ಯಜಮಾನರು. ಕೇಳಿದ್ದು ಅವನನ್ನು, ಆದರೆ ಮುಖ ತಿರುಗಿಸಿದ್ದು ಒಂದೆರಡು ಮಾರು ಆಚೆ ಬಿದ್ದಿದ್ದ ಸೈಕಲ್ಲಿನ ಕಡೆಗೆ. ಅದರ ಚಕ್ರ ಇನ್ನೂ ತಿರುಗುತ್ತ ಕಟಕಟ ಅನ್ನುತ್ತಿತ್ತು.

ನನಗೆ ಆಗ ತಿಳಿಯಿತು. ಅವರು ರಸ್ತೆಯನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಬಸ್ಸಿಗೆ ಸದ್ದಿದೆ, ಬಂಡಿಗೆ ಎತ್ತಿನ ಗಂಟೆ ಇದೆ. ಸೈಕಲ್ಲಿಗೆ ಏನಿದೆ?

ಆ ಸಂಜೆ ಹಿತ್ತಲ ಬಾಗಿಲಿಗೆ ಹೋದೆ. ಯಜಮಾನರ ಹೆಂಡತಿಯನ್ನು ನಾವೆಲ್ಲ ಅಮ್ಮಾವ್ರು ಅನ್ನುತ್ತಿದ್ದೆವು. ಹುರುಳಿ ಕೇರುತ್ತಿದ್ದವರು ನನ್ನ ಮುಖ ನೋಡಿ ಮೊರ ಕೆಳಗಿಟ್ಟರು. ಸೈಕಲ್ಲಿನ ಸುದ್ದಿ ಹೇಳಿದೆ.

“ಎರಡು ವರ್ಷ ಆಯ್ತು,” ಎಂದರು. “ಬಲಗಣ್ಣು ಪೂರ್ತಿ ಓಗದೆ. ಎಡಗಣ್ಣಲ್ಲಿ ಮಂಜು ಮಂಜು ಅಂತೆ. ನಂಗೂ ಬಾಯ್ಬುಟ್ಟು ಏಳ್ಳಿಲ್ಲ. ತಟ್ಟೇಲಿ ಮುದ್ದೆ ಹುಡುಕ್ತಾ ಇದ್ರು, ಅದ್ರಲ್ಲಿ ತಿಳ್ಕಂಡೆ. ಅವತ್ತಿಂದ ಮುದ್ದೆ ಬಲಕ್ಕೆ, ಸಾರು ಎಡಕ್ಕೆ. ಒಂದಿನಾನೂ ಜಾಗ ತಪ್ಪಿಸಿಲ್ಲ.”

“ಊರೋರಿಗೆ ಗೊತ್ತಾ ಅಮ್ಮಾವ್ರೇ?”

ಅವರು ನನ್ನನ್ನು ಮರುಕದಿಂದ ನೋಡಿದರು. “ಎಲ್ರೂ ಯಾಕೆ ನಮಸ್ಕಾರ ಮಾಡೋವಾಗ ತಮ್ ತಮ್ಮ ಎಸರು ಏಳ್ತಾರೆ ಅಂದ್ಕಂಡಿದ್ದೆ ನೀನು?”

ಕೆ.ಆರ್. ನಗರದಿಂದ ಬಂದ ಮೇಲೆ ನಾನೂ ಅದನ್ನು ಗಮನಿಸಿದ್ದೆ. ಯಜಮಾನರು ಎದುರಾದರೆ ಊರಿನವರು, “ನಾನು ಕಣ್ಬುದ್ಧಿ, ಕೆಳಗಲಮನೆಯೋನು, ಹೊಲದ್ ತಾವ್ಕೆ ಹೊಂಟಿದ್ದೆ” ಎಂದು ತಮ್ಮ ಗುರುತನ್ನೆಲ್ಲ ತಾವೇ ಒಪ್ಪಿಸುತ್ತಿದ್ದರು. ನಾನಿಲ್ಲದ ಕಾಲದಲ್ಲಿ ಊರಿನಲ್ಲಿ ಮರ್ಯಾದೆ ಹೆಚ್ಚಾಗಿದೆ ಎಂದುಕೊಂಡಿದ್ದೆ. ಯಾರೂ ಯಾರಿಗೂ ಹೇಳದೆ, ಕೂಡಿ ಮಾತಾಡದೆ, ಊರಿಗೆ ಊರೇ ಹಾಗೊಂದು ನಡವಳಿಕೆ ಮಾಡಿಕೊಂಡಿತ್ತು. ಅದು ಯಜಮಾನರಿಗೆ ಗೊತ್ತಿಲ್ಲವೆಂದು ಊರು ನಂಬಿತ್ತು. ತಮ್ಮ ಕಣ್ಣಿನ ವಿಷಯ ಊರಿಗೆ ಗೊತ್ತಿಲ್ಲವೆಂದು ಯಜಮಾನರು ನಂಬಿದ್ದರು.

“ಅವ್ರಿಗೆ ನೀವೇ ಒಂದ್ ಮಾತು ಏಳಿ,” ಎಂದೆ.

“ಏನಂತ ಏಳ್ಲಪ್ಪ? ಬದುವಿನ್ ಕಲ್ಲೇ ಕಾಣದೋರು ಬದುವಿನ್ ನ್ಯಾಯ ಎಂಗ್ ಏಳ್ತಾರೆ ಅಂತ ಆಚೆಯೋರು ಒಬ್ರು ಕೇಳುದ್ರೆ ಮುಗೀತು. ಆಮೇಲೆ ಆ ಮನ್ಷ ಜಗಲಿ ಇಳಿಯಾಕಿಲ್ಲ.”

ಅವರ ಮಾತು ನಿಜ. ನನ್ನದೂ ನಿಜ. ಯಜಮಾನರು ಆ ಸೀಟಿನಲ್ಲಿರುವಾಗ ಕಾಗದ ಕೈಗೆ ಬಂತೆಂದರೆ, ಇವತ್ತಲ್ಲ ನಾಳೆ ಯಾರಾದರೊಬ್ಬರು ನನ್ನ ಚಕ್ರದ ಅಡಿ ಹೋಗುತ್ತಾರೆ. ಇನ್ಸ್‌ಪೆಕ್ಟರಿಗೆ ಹೇಳಿದರೆ ಯಜಮಾನರ ಮುಖ ಹೋಗುತ್ತದೆ. ಹೇಳುವ ಎದೆ ನನಗೆ ಇರಲಿಲ್ಲ. ಉಳಿದ ದಿನಗಳಲ್ಲಿ ನಾನು ಒಂದು ಬಂಡಿಯನ್ನೂ ದಾಟಲಿಲ್ಲ. ಹಂಪಾಪುರಕ್ಕೆ ಹೋದ ದಿನ ಒಂದು ಗೊಬ್ಬರದ ಬಂಡಿಯ ಹಿಂದೆಯೇ ಮೈಲಿಗಟ್ಟಲೆ ತೆವಳಿದೆ.

“ಎತ್ತು ಹೂಡಿದ್ದಾಗ್ಲೇ ಇದು ಜೋರಾಗ್ ಬಂದಿತ್ತಲ್ಲೋ,” ಎಂದರು ಯಜಮಾನರು.

“ಎಂಜಿನ್ ಕಾಯ್ತದೆ ಬುದ್ಧಿ.”

ಅವರು ಆಚೆ ಚಾಚಿದ್ದ ಕೈಯನ್ನು ಒಳಕ್ಕೆ ಎಳೆದುಕೊಂಡರು. ಅದನ್ನು ನಾನು ಆಗ ಸರಿಯಾಗಿ ಓದಿಕೊಳ್ಳಲಿಲ್ಲ.

ತಪಾಸಣೆಯ ದಿನ ಬೆಳಿಗ್ಗೆ ಹೊರಡುವಾಗ ಅಮ್ಮಾವ್ರು ಸೆರಗು ಹೊದ್ದುಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತರು. “ಬೆಲ್ಲ ಮುಗ್ದೋಗದೆ, ಹುಣಸೂರಿಂದ ತರ್ಬೇಕು,” ಎಂದರು. ಆ ಮನೆಯಲ್ಲಿ ಹೆಂಗಸರು ಪೇಟೆಗೆ ಹೋಗಿ ಬೆಲ್ಲ ತಂದದ್ದನ್ನು ನಾನು ಕಂಡಿರಲಿಲ್ಲ. ಯಜಮಾನರೂ ಕಂಡಿರಲಿಲ್ಲ. ಆದರೂ ಬೇಡ ಅನ್ನಲಿಲ್ಲ.

ಬಂಗಲೆಯ ಮುಂದೆ ಇನ್ಸ್‌ಪೆಕ್ಟರು ಕೆಂಪು ದೀಪ ನೋಡಿದರು, ಕನ್ನಡಿ ಒರೆಸಿ ನೋಡಿದರು, ಹಾರ್ನು ಒತ್ತಿದರು. ಎಡಗಡೆ ಸ್ಟೇರಿಂಗಿನ ಗಾಡಿ ಎಂದು ಹಿಂದೆ ಬರೆಸಿದ್ದ ಹಲಗೆಯನ್ನು ಎರಡು ಸಲ ಓದಿದರು. ಅಮ್ಮಾವ್ರು ಇಳಿದು ಬಂಗಲೆಯ ಮೆಟ್ಟಿಲ ಮೇಲೆ ಕೂತರು. ಇನ್ಸ್‌ಪೆಕ್ಟರು ಅವರ ಜಾಗಕ್ಕೆ ಹತ್ತಿ, “ಸೇತುವೆ ದಾಟಿ ಪಿರಿಯಾಪಟ್ಟಣದ ರಸ್ತೆಗೆ ನಡಿ,” ಎಂದರು.

ಲಕ್ಷ್ಮಣತೀರ್ಥದ ಸೇತುವೆಯವರೆಗೆ ಎಲ್ಲವೂ ಸರಿ ಹೋಯಿತು. ಯಜಮಾನರು ನಿಲ್ಲುವ ಸನ್ನೆ, ತಿರುಗುವ ಸನ್ನೆಗಳನ್ನು ಪಟಪಟನೆ ತೋರಿಸಿದರು. ಇನ್ಸ್‌ಪೆಕ್ಟರು ಹಿಂದಿನಿಂದ “ಭೇಷ್” ಅಂದರು. ಸೇತುವೆ ದಾಟಿ ಅರ್ಧ ಮೈಲಿ ಹೋಗುವಷ್ಟರಲ್ಲಿ ನಮ್ಮ ಮುಂದೆ ಹುಲ್ಲಿನ ಬಂಡಿಯೊಂದು ಸಿಕ್ಕಿತು, ಎತ್ತರಕ್ಕೆ ಹೇರಿದ್ದು. ಯಜಮಾನರು ಬಲಕ್ಕೆ ವಾಲಿದರು. ಈ ಸಲ ಹೆಚ್ಚು ಹೊತ್ತೇ ಕಿವಿಗೊಟ್ಟರು.

“ಖಾಲಿ ಕಣ್ಲಾ, ನಡಿ.”

ನಾನು ಬಂಡಿಯ ಹಿಂದೆಯೇ ಉಳಿದೆ.

“ಖಾಲಿ ಅಂದ್ರಲ್ಲಪ್ಪ, ದಾಟು,” ಎಂದರು ಇನ್ಸ್‌ಪೆಕ್ಟರು.

ದಾಟಲಿಲ್ಲ. ಬಂಡಿಯವನು ತಾನಾಗಿಯೇ ಪಕ್ಕದ ಕಾಲುದಾರಿಗೆ ಇಳಿದ. ಮುಂದಿನ ರಸ್ತೆ ಕಣ್ಣು ಹೋಗುವಷ್ಟು ದೂರವೂ ಖಾಲಿಯಾಗಿಯೇ ಇತ್ತು. ಯಜಮಾನರು ಹೇಳಿದ್ದು ಸರಿಯಾಗಿತ್ತು.

“ಗಾಡಿ ನಿಲ್ಲಿಸು,” ಎಂದರು ಇನ್ಸ್‌ಪೆಕ್ಟರು. “ಯಾಕೆ ಹೋಗಲಿಲ್ಲ?”

“ಧೈರ್ಯ ಸಾಲ್ಲಿಲ್ಲ ಸ್ವಾಮಿ.”

“ರಸ್ತೆ ಖಾಲಿ ಇದೆ, ಪಕ್ಕದವರು ಸರಿಯಾಗಿ ಹೇಳುತ್ತಾರೆ, ಡ್ರೈವರಿಗೆ ಧೈರ್ಯವಿಲ್ಲ. ಅಂಥವನಿಗೆ ಲೈಸೆನ್ಸ್ ಯಾತಕ್ಕೆ? ಕೊಡು ಇಲ್ಲಿ.”

ಜೇಬಿನಿಂದ ತೆಗೆದು ಕೊಟ್ಟೆ. ಅವರು ಅದನ್ನು ಬಿಡಿಸಿ ನೋಡಿ, ತಮ್ಮ ಕೋಟಿನ ಒಳಗೆ ಇಟ್ಟುಕೊಂಡರು. ಎಂಜಿನ್ನು ನಿಂತಿತ್ತು. ಯಜಮಾನರು ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು.

“ಅದ ಅವನಿಗೆ ವಾಪಸ್ ಕೊಟ್ಬುಡಿ ಸ್ವಾಮಿ,” ಎಂದರು. “ಅವನಿಗೆ ಧೈರ್ಯ ಇಲ್ದೆ ಅಲ್ಲ. ಅವನು ನನ್ನ ನಂಬ್ಲಿಲ್ಲ. ನಂಬ್ದೆ ಇದ್ದದ್ದೇ ಸರಿ.”

“ಅಂದರೆ?”

“ನಂಗೆ ಕಣ್ಣು ಕಾಣಾಕಿಲ್ಲ. ಈಗ ಖಾಲಿ ಅಂದಿದ್ದು ಕಿವಿ. ಮೊನ್ನೆ ಹಿಂಗೇ ಅಂದು ಒಬ್ಬನ್ನ ಹಳ್ಳಕ್ಕೆ ಕೆಡವಿದೆ. ಪಾಪದೋನು, ಅವನೇ ತಪ್ಪಾಯ್ತು ಅಂದ. ಅವತ್ತಿಂದ ಇವನು ಗೊಬ್ಬರದ ಬಂಡಿ ಹಿಂದೆ ಹೊಂಟ. ನಂಗೆ ಗೊತ್ತಾಗ್ದೆ ಇದ್ದದಾ?”

ಇನ್ಸ್‌ಪೆಕ್ಟರು ಲೈಸೆನ್ಸನ್ನು ಹೊರತೆಗೆದು ನನ್ನ ಭುಜದ ಮೇಲಿನಿಂದ ಮುಂದಕ್ಕೆ ಚಾಚಿದರು. “ನೀವು ಹೇಳದಿದ್ದರೆ ನಾನು ಕಾಗದ ಕೊಟ್ಟುಬಿಡುತ್ತಿದ್ದೆ ಯಜಮಾನರೇ. ಈಗ ಕೊಡಲಿಕ್ಕಾಗುವುದಿಲ್ಲ. ನಿಮ್ಮ ಮನೆಯಲ್ಲಿ ಮತ್ತೆ ಯಾರಿದ್ದಾರೆ ಈ ಸೀಟಿಗೆ?”

“ಕಣ್ಣು ಚೆನ್ನಾಗಿರೋರು ಒಬ್ರವ್ರೆ. ಬಂಗಲೆ ಮೆಟ್ಲ ಮ್ಯಾಲೆ ಕುಂತವ್ರೆ.”

ಜೀಪು ತಿರುಗಿಸಿಕೊಂಡು ಬಂಗಲೆಗೆ ಬಂದೆವು. ಯಜಮಾನರು ಬಲಗಡೆ ಸೀಟಿನಿಂದ ಇಳಿದು, ಗಾಡಿಯ ಮೈ ಸವರಿಕೊಂಡು ಹಿಂದಕ್ಕೆ ಹೋಗಿ ಹತ್ತಿದರು. “ಬಾ, ಮುಂದೆ ಕುಂತ್ಕೊ,” ಎಂದು ಹೆಂಡತಿಯನ್ನು ಕರೆದರು.

“ನಾನಾ? ಮುಂದಕ್ಕಾ?” ಎಂದರು ಅಮ್ಮಾವ್ರು. ಇನ್ಸ್‌ಪೆಕ್ಟರ ಮುಖ ನೋಡಿದರು, ನನ್ನ ಮುಖ ನೋಡಿದರು. ಎಲ್ಲವೂ ಅರ್ಥವಾಯಿತೆಂದು ಕಾಣುತ್ತದೆ. “ಹೆಣ್ಣೆಂಗಸು ಕೈ ತೋರಿಸ್ಬೌದಾ ಸ್ವಾಮಿ?”

ಇನ್ಸ್‌ಪೆಕ್ಟರು ಕಾನೂನಿನ ಪುಸ್ತಕ ತರಿಸಿ ನಿಂತಲ್ಲೇ ಹಾಳೆ ತಿರುವಿದರು. “ಬಲಗಡೆ ಕೂತ ವ್ಯಕ್ತಿ ಅಂತಿದೆ. ಗಂಡಸು ಅಂತ ಎಲ್ಲೂ ಇಲ್ಲ. ಹತ್ತಿ.”

ಮತ್ತೆ ಅದೇ ಸೇತುವೆ, ಅದೇ ರಸ್ತೆ. ಹಿಂದಿನ ಸೀಟಿನಲ್ಲಿ ಇನ್ಸ್‌ಪೆಕ್ಟರೂ ಯಜಮಾನರೂ ಅಕ್ಕಪಕ್ಕ. ಸನ್ನೆಗಳನ್ನು ಅಮ್ಮಾವ್ರು ಯಾವಾಗ ಕಲಿತಿದ್ದರೋ. ಕಣದಲ್ಲಿ ನಾವು ಅಭ್ಯಾಸ ಮಾಡುವಾಗ ಹಿತ್ತಲಿಂದ ನೋಡಿಕೊಂಡಿರಬೇಕು. ಮೊದಲು ಬರೀ ಕೈ ತೋರಿಸಿದರು. ಆಮೇಲೆ ಶುರುವಾದ ಮಾತು ನಿಲ್ಲಲಿಲ್ಲ.

“ಕೋಳಿ ಅವೆ, ನಿಧಾನ. ಆಚೆ ಹೆಂಗ್ಸು ನೀರು ಹೊತ್ಕಂಡ್ ಬತ್ತಾವ್ಳೆ, ನೋಡ್ಕೊ. ಮುಂದ್ಲ ಬಂಡಿ ಎಡಗಡೆ ಎತ್ತು ಕುಂಟ್ತದೆ, ಅದು ಜಾಗ ಬುಡಾಕಿಲ್ಲ. ತಡಿ. ಸೈಕಲ್ಲು. ಇನ್ನೊಂದು ಸೈಕಲ್ಲು. ಈಗ ಓಗು.”

ದಾಟಿದೆ. ನನ್ನ ಎದೆಯ ಭಾರ ಆ ಬಂಡಿಯ ಹಿಂದೆಯೇ ಉಳಿಯಿತು.

“ಇಷ್ಟೆಲ್ಲ ಹೇಳಬೇಕು ಅಂತ ಕಾನೂನಿನಲ್ಲಿಲ್ಲ ತಾಯಿ,” ಎಂದರು ಇನ್ಸ್‌ಪೆಕ್ಟರು.

“ಕಾನೂನಿಗೆ ಏಳ್ತಾ ಇಲ್ಲ ಸ್ವಾಮಿ. ಹಿಂದೆ ಕುಂತವ್ರಲ್ಲ, ಅವ್ರಿಗೆ ಏಳ್ತಾ ಇದೀನಿ.”

ಯಜಮಾನರು ಹಿಂದಿನಿಂದ, “ಕುಂಟೋ ಎತ್ತು ಯಾರ್ದು?” ಎಂದು ಕೇಳಿದರು.

ಕಾಗದ ಸಿಕ್ಕಿತು. ಬಲಗಡೆ ಕೂರುವವರ ಜಾಗದಲ್ಲಿ ಇನ್ಸ್‌ಪೆಕ್ಟರು ಒಂದು ಹೆಸರು ಹೊಡೆದು ಇನ್ನೊಂದು ಬರೆದರು. ಊರಿಗೆ ಹೊರಟೆವು. ಬೆಲ್ಲವನ್ನು ಮೂವರೂ ಮರೆತಿದ್ದೆವು.

ದೊಡ್ಡ ರಸ್ತೆ ಬಿಟ್ಟು ಊರಿನ ದಾರಿ ಹಿಡಿದು, ಇನ್ನೇನು ಅರಳಿಕಟ್ಟೆ ಕಾಣಬೇಕು ಅನ್ನುವಾಗ, “ನಿಲ್ಸು,” ಎಂದರು ಯಜಮಾನರು. ಅದನ್ನು ನಾನು ಎದುರು ನೋಡಿದ್ದೆ. ಹುಣಸೂರಿನ ರಸ್ತೆಯಲ್ಲಿ ಏನೇ ಆಗಿರಲಿ, ಊರಿನೊಳಗೆ ಅವರು ಮುಂದೆಯೇ ಕೂತು ಹೋಗಬೇಕು. ಅಮ್ಮಾವ್ರಿಗೂ ಹಾಗೇ ಅನ್ನಿಸಿರಬೇಕು, ಸೆರಗು ಸರಿಮಾಡಿಕೊಂಡು ಒಂದು ಕಾಲು ಕೆಳಗೆ ಇಟ್ಟೇಬಿಟ್ಟರು.

ಯಜಮಾನರು ಇಳಿದು, ದಾರಿಯ ಪಕ್ಕದ ಕಾಲುವೆಯ ನೀರಿನಲ್ಲಿ ಮುಖ ತೊಳೆದರು. ರುಮಾಲು ಬಿಚ್ಚಿ ಕೊಡವಿ, ಹೊಸದಾಗಿ ಸುತ್ತಿಕೊಂಡರು. ಸುತ್ತಿಕೊಳ್ಳುತ್ತಲೇ ಕೇಳಿದರು.

“ಕಟ್ಟೆ ಮ್ಯಾಲ್ ಯಾರಾರು ಕುಂತವ್ರಾ?”

ಅಮ್ಮಾವ್ರು ಸೀಟಿನಿಂದಲೇ ಎದ್ದು ನಿಂತು ನೋಡಿದರು. “ಎಲ್ಲಾ ಅವ್ರೆ. ನಿಮ್ಮ ದೊಡ್ಡಪ್ಪಾರೂ ಅವ್ರೆ.”

“ಅವ್ರೂ ಅವ್ರಾ,” ಎಂದು ಅವರು ಕ್ಷಣ ನಿಂತರು. ಆಮೇಲೆ ಜೀಪಿನ ಮೈ ಸವರಿಕೊಂಡು ಬಂದು ಹಿಂದಿನ ಸೀಟಿಗೇ ಹತ್ತಿದರು. “ನಡಿಲಾ.”

ಕಟ್ಟೆಯ ಮುಂದೆ ಮನೆಯ ಬೀದಿಗೆ ಬಲಕ್ಕೆ ತಿರುಗಬೇಕು. ಜೀಪಿನ ಸದ್ದಿಗೆ ಕಟ್ಟೆಯ ಮೇಲಿನವರೆಲ್ಲ ಎದ್ದು ನಿಂತಿದ್ದರು. ಎಂಬತ್ತು ದಾಟಿದ ಆ ದೊಡ್ಡಪ್ಪಾರ ಮುಂದೆ ಅಮ್ಮಾವ್ರು ಮದುವೆಯಾದಾಗಿನಿಂದ ತಲೆ ಎತ್ತಿ ನಿಂತವರಲ್ಲ. ಅವರ ಬಲಗೈ ಮಡಿಲಿನಲ್ಲೇ ಇತ್ತು. ನಾನು ಗೇರು ಇಳಿಸಿ ನಿಧಾನ ಮಾಡಿದೆ.

ಹಿಂದಿನಿಂದ ಯಜಮಾನರ ದನಿ ಬಂತು, ಕಟ್ಟೆಯ ಮೇಲಿನವರಿಗೂ ಕೇಳುವಷ್ಟು ಜೋರಾಗಿ.

“ಬಲಕ್ಕೆ ತಿರುಗ್ಬೇಕಲ್ಲ, ಕೈ ಆಚೆ ಹಾಕು. ನಂಗೆ ಕಾಣಾಕಿಲ್ಲ, ನೀನೇ ನೋಡಿ ಏಳ್ಬೇಕು.”

ಅಮ್ಮಾವ್ರು ಕೈಯನ್ನು ಉದ್ದಕ್ಕೆ ಆಚೆ ಹಾಕಿದರು. “ದಾರೀಲಿ ಯಾರೂ ಇಲ್ಲ,” ಎಂದರು. ನಾನು ತಿರುಗಿಸಿದೆ.